ಆರಾಮ್ ಅದೀರೇನ್ರಿ ಅಂತ ಮಾತ್ರ ಕೇಳಬೇಡಿ

ನಿವೃತ್ತಿಯ ನೆನಪು ಬರೆಯುವವನಿಗೆ ಬಿಳಿ ಮೀಸೆ ಇರಬೇಕು, ಪಿಂಚಣಿ ಇರಬೇಕು, ಮಾತಿಗೊಂದು ಗಂಭೀರವಾದ ಕೆಮ್ಮು ಇರಬೇಕು. ನನ್ನ ಬಳಿ ಇರುವುದು ಕೆಮ್ಮು ಒಂದೇ. ಅದೂ ಸ್ವಂತದ್ದಲ್ಲ, ನಮ್ಮ ಸಂಸ್ಥೆಯ ಕಾರ್ಯದರ್ಶಿಗಳದು. ಬೇಕೆಂದಾಗ ತೆಗೆದು ಕೆಮ್ಮುತ್ತೇನೆ, ಸುತ್ತಲಿದ್ದವರು ಎದ್ದು ನಿಲ್ಲುತ್ತಾರೆ. ನಲವತ್ತು ದಾಟುವ ಮೊದಲೇ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಫೋಟೊ ತೆಗೆದು ನನ್ನನ್ನು ಮನೆಗೆ ಕಳಿಸಿದರು. ಅದನ್ನು ನಿವೃತ್ತಿ ಅನ್ನದೆ ಮದುವೆ ಅನ್ನಲಿಕ್ಕಾಗುತ್ತದೆಯೇ? ನನ್ನ ಧ್ವನಿಯ ಜಾಗಕ್ಕೆ ಯಂತ್ರದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಅವಳಿಗೆ ಸಂಬಳ ಬೇಡ, ಚಹಾ ಬೇಡ, ಯಾರನ್ನೂ ಅಣಕಿಸುವ ಚಟವೂ ಇಲ್ಲ. ಸೋತೆ, ಒಪ್ಪಿಕೊಂಡೆ.

ಈಗ ಸತ್ಯನಾರಾಯಣಪೇಟೆಯಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ರೋಗಿಗಳ ಮನೆಗೆ ಹೋಗಿ ನೋವು ಇಳಿಸುವ ನಮ್ಮ ಹಳೆಯ ಸಂಸ್ಥೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಡಿಸ್‌ಪ್ಲೇ ಒಡೆದುಕೊಂಡು ಬಂದಾಗ, "ಅಣ್ಣಾ, ಕೆಲಸ ಹೆಂಗಿರತೈತಿ?" ಅಂತ ಕೇಳುತ್ತಾರೆ. ಡಿಸ್‌ಪ್ಲೇ ಹಾಕುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕ್ಯಾನ್ಸರ್ ಗುಣ ಮಾಡುವ ಕೆಲಸವಲ್ಲ. ಅದು ದೊಡ್ಡ ಆಸ್ಪತ್ರೆಗಳ ಪಾಲು. ಅವರು ಮಾಡುವುದನ್ನೆಲ್ಲ ಮಾಡಿ ಮುಗಿಸಿದ ಮೇಲೆ ರೋಗಿ ಮನೆಗೆ ಬರುತ್ತಾನೆ. ಅವನ ಜೊತೆ ನೋವೂ ಬರುತ್ತದೆ. ಆ ನೋವನ್ನು ಇಳಿಸುವುದು ನಮ್ಮ ಪಾಲು. ಒಂದು ವ್ಯಾನು, ಅದರಲ್ಲಿ ಡಾಕ್ಟರ್ ಶಾರದಾ, ನರ್ಸ್ ನಾಗರತ್ನಕ್ಕ, ಹಿಂದಿನ ಸೀಟಿನಲ್ಲಿ ಔಷಧದ ಡಬ್ಬಿಗಳ ನಡುವೆ ನಾನು. ಬಳ್ಳಾರಿ ಪಟ್ಟಣ, ಕುರುಗೋಡು, ಸಿರುಗುಪ್ಪ, ನಡುವಿನ ಹಳ್ಳಿಗಳು ಎಲ್ಲಕ್ಕೂ ಅದೊಂದೇ ವ್ಯಾನು. ಅದು ಅದಿರಿನ ಲಾರಿಗಳ ಕಾಲ. ಬೆಳಿಗ್ಗೆ ಬಿಳಿಯ ವ್ಯಾನಿನಲ್ಲಿ ಹೊರಟರೆ ಸಂಜೆ ಕೆಂಪು ವ್ಯಾನಿನಲ್ಲಿ ಬರುತ್ತಿದ್ದೆವು. ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡರೆ ಕುರುಗೋಡು ವಿದೇಶವಾಗುತ್ತಿತ್ತು. ಪ್ರತಿ ಮನೆಗೆ ದಿನವೂ ಹೋಗುವುದು ಸಾಧ್ಯವೇ ಇರಲಿಲ್ಲ.

ಅದಕ್ಕೆ ಡಾಕ್ಟ್ರಮ್ಮ ಕಂಡುಕೊಂಡ ದಾರಿ ಫೋನು. ಈಗ ನೀವು ಆ್ಯಪ್ ಅನ್ನುತ್ತೀರಿ. ಆಗ ಗುಂಡಿ ಒತ್ತುವ ಫೋನುಗಳು, ಪರದೆ ಬೆಂಕಿಪೊಟ್ಟಣದಷ್ಟು. ಅದರೊಳಗೆ ಒಂದು ಸಣ್ಣ ಅಪ್ಲಿಕೇಶನ್ ಕೂರಿಸಿದ್ದರು. ಗುಳಿಗೆಯ ಹೊತ್ತಾದಾಗ ಅದು ಗಂಟೆ ಬಾರಿಸುತ್ತಿತ್ತು, ನೋವು ಎಷ್ಟಿದೆ ಅಂತ ಕೇಳುತ್ತಿತ್ತು. ರೋಗಿ ಗುಂಡಿ ಒತ್ತಿದರೆ ಉತ್ತರ ಮೆಸೇಜಾಗಿ ನಮ್ಮ ಆಫೀಸಿನ ಕಂಪ್ಯೂಟರಿಗೂ ನಾಗರತ್ನಕ್ಕನ ಫೋನಿಗೂ ಬರುತ್ತಿತ್ತು. ಅದನ್ನು ನೋಡಿ ಡಾಕ್ಟ್ರಮ್ಮ ಅಫೀಮಿನಿಂದ ತಯಾರಾಗುವ ಮಾರ್ಫಿನ್ ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಿದ್ದರು. ರೋಗಿಗಳಲ್ಲಿ ಅರ್ಧಕ್ಕರ್ಧ ಜನರಿಗೆ ಓದಲು ಬಾರದು. ಹಾಗಾಗಿ ಫೋನು ಮಾತಾಡಬೇಕಿತ್ತು. ಫೋನು ಮಾತಾಡಬೇಕಾದರೆ ಗಂಟಲೊಂದು ಬೇಕಿತ್ತು.

ಆ ಗಂಟಲು ಸಿಕ್ಕಿದ್ದು ಹೀಗೆ. ನಾನು ಅಲ್ಲಿ ಫೋನುಗಳಿಗೆ ಸಿಮ್ ಹಾಕಿಕೊಡಲು ಹೋದವನು. ವರಾಂಡದಲ್ಲಿ ಕಾಯುತ್ತಿದ್ದವರ ಬೇಸರ ಕಳೆಯಲೆಂದು ಡಾಕ್ಟ್ರಮ್ಮನ ಧ್ವನಿ ತೆಗೆದು, "ನೋಡಿ, ತಾವು ದಯವಿಟ್ಟು ಗಾಬರಿ ಆಗಬಾರದು, ನಾನು ತಮ್ಮ ಗಾಬರಿಯನ್ನು ಪರೀಕ್ಷಿಸುತ್ತೇನೆ" ಅಂದೆ. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೆ ನಗು ನಿಲ್ಲಿಸಿದರು. ಹಿಂದೆ ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ.

"ಹೆಸರೇನು ನಿಮ್ಮದು?" ಅಂದರು ಮೈಸೂರು ಕಡೆಯ ಡಾಕ್ಟ್ರಮ್ಮ.

"ಎರ್ರಿಸ್ವಾಮಿ ರೀ."

"ಎರ್ರಿ ಅಂದ್ರೆ?"

ನಾಗರತ್ನಕ್ಕ ಬಾಗಿಲಿನಿಂದಲೇ ಹೇಳಿದರು: "ತೆಲುಗಿನ್ಯಾಗ ಹುಚ್ಚ ಅಂತ ರೀ ಮೇಡಂ. ಇವನಿಗೆ ಹೆಸರು ಭಾಳ ವಿಚಾರ ಮಾಡಿ ಇಟ್ಟಾರ."

ಮರುದಿನದಿಂದ ನಾನು ಕೆಲಸಕ್ಕೆ. ಡಾಕ್ಟ್ರಮ್ಮ ಕೋಪಿಸಿಕೊಳ್ಳುವವರಾಗಿದ್ದರೆ ಇವತ್ತು ಇದನ್ನು ಬರೆಯುವ ಅವಕಾಶವೇ ಇರುತ್ತಿರಲಿಲ್ಲ. ಅಣಕಿಸಿದವನನ್ನು ಬೈದು ಕಳಿಸುವ ಬದಲು ಅವನ ಗಂಟಲನ್ನು ಕೆಲಸಕ್ಕೆ ಹಚ್ಚುವ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ.

ಮೊದಲ ಪ್ರಶ್ನೆಯನ್ನು ಬರೆದವರು ಅವರೇ: "ತಮ್ಮ ನೋವಿನ ತೀವ್ರತೆಯನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ಸೂಚಿಸಿ." ನಾನು ಅದನ್ನು ರೇಡಿಯೊ ವಾರ್ತೆ ಓದುವವರ ಹಾಗೆ ಎದೆಯಿಂದ ಓದಿದೆ. ಮೂರನೆಯ ದಿನವೇ ಕೊಳಗಲ್ಲಿನ ಈರಮ್ಮಜ್ಜಿಯ ಫೋನಿನಿಂದ ಹತ್ತು ಬಂತು. ಮಧ್ಯಾಹ್ನ ಮತ್ತೆ ಹತ್ತು. ಹತ್ತು ಅಂದರೆ ತಡೆದುಕೊಳ್ಳಲಾಗದ ನೋವು. ಇಂಜೆಕ್ಷನ್ ಹಿಡಿದು, ಊಟ ಬಿಟ್ಟು, ಹಾರ್ನ್ ಹೊಡೆಯುತ್ತ ವ್ಯಾನು ಕೊಳಗಲ್ಲಿಗೆ ಓಡಿತು. ಅಜ್ಜಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು.

"ಬರ್ರಿ ಬರ್ರಿ. ಹತ್ತಕ್ಕ ಹತ್ತು ಕೊಟ್ಟೀನಿ, ಮುಟ್ಟಿತಿಲ್ಲೋ?"

"ಅಜ್ಜೀ, ಹತ್ತು ಅಂದ್ರ ಭಾಳ ನೋವು ಅಂತ," ಅಂದರು ನಾಗರತ್ನಕ್ಕ.

"ಅಯ್ಯ, ನೋವಿಗೆ ಯಾರರ ಮಾರ್ಕು ಕೊಡ್ತಾರೇನ್ರಿ? ನಿಮ್ಮ ಹುಡುಗ ಅಷ್ಟು ಛಂದ ಓದ್ಯಾನ, ಅದಕ ಕೊಟ್ಟೀನಿ."

ವಾಪಸು ಬರುವಾಗ ವ್ಯಾನಿನಲ್ಲಿ ಖುಷಿಯಾಗಿದ್ದವನು ನಾನೊಬ್ಬನೇ. ಹುಟ್ಟಿದಂದಿನಿಂದ ನನಗೆ ಯಾರೂ ಹತ್ತಕ್ಕೆ ಹತ್ತು ಕೊಟ್ಟಿರಲಿಲ್ಲ.

ಅಂಕಿ ಹೋಯಿತು, ಮುಖಗಳ ಚಿತ್ರ ಬಂತು. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಬೆಂಕಿಪೊಟ್ಟಣದ ಪರದೆಯಲ್ಲಿ ಅಳುವ ಮುಖ ಆಕಳಿಸುವವನ ಮುಖದಂತೆ ಕಾಣುತ್ತಿತ್ತು. ನಮ್ಮ ಪೇಟೆಯ ಮೇಷ್ಟ್ರೊಬ್ಬರು ನಿದ್ದೆ ಬಂದಾಗಲೆಲ್ಲ ಅದನ್ನೇ ಒತ್ತಿದರು. ಅದೂ ಹೋಯಿತು.

ಆಗ ಡಾಕ್ಟ್ರಮ್ಮ ನನ್ನನ್ನು ಕರೆದು, "ಎರ್ರಿಸ್ವಾಮಿ, ನನ್ನ ಭಾಷೆ ಬಿಡಿ. ನಿಮ್ಮ ಊರಿನ ಮಾತಿನಲ್ಲಿ, ಮನೆಗೆ ಬಂದವರು ಕೇಳುವ ಹಾಗೆ ಕೇಳಿ," ಅಂದರು. ನಾನು ಬಾಗಿಲು ಹಾಕಿಕೊಂಡು, ನೀರು ಕುಡಿದು, ನಮ್ಮ ಸೋದರಮಾವನ ಪ್ರೀತಿಯ ಧ್ವನಿಯಲ್ಲಿ ರೆಕಾರ್ಡ್ ಮಾಡಿದೆ: "ನಮಸ್ಕಾರ್ರಿ. ಆರಾಮ್ ಅದೀರೇನ್ರಿ? ಆರಾಮಿದ್ರ ಒಂದು ಒತ್ರಿ. ಸ್ವಲ್ಪ ತ್ರಾಸಿದ್ರ ಎರಡು ಒತ್ರಿ. ಭಾಳ ತ್ರಾಸಿದ್ರ ಮೂರು ಒತ್ರಿ."

ಕೇಳಿದ ನಾಗರತ್ನಕ್ಕನ ಕಣ್ಣು ಒದ್ದೆಯಾಯಿತು. ಫೋನುಗಳು ಮನೆಮನೆಗೆ ಹೋದವು. ಉತ್ತರಗಳು ಬಂದವು: ಒಂದು, ಒಂದು, ಒಂದು, ಒಂದು. ಕುರುಗೋಡಿನಿಂದ ಒಂದು, ಸಿರುಗುಪ್ಪದಿಂದ ಒಂದು. ಈರಮ್ಮಜ್ಜಿಯೂ ಒಂದು. ಕಂಪ್ಯೂಟರಿನಲ್ಲಿ ನೋವಿನ ಗೆರೆ ನೆಲ ಹಿಡಿದು ಮಲಗಿತು. ಕಾರ್ಯದರ್ಶಿಗಳು ಸಂತೋಷಕ್ಕೆ ಕೆಮ್ಮಿದರು. ನಾನು ಆಫೀಸಿನಲ್ಲಿ ಮದುಮಗನ ಹಾಗೆ ಓಡಾಡಿದೆ. ನನ್ನ ಧ್ವನಿಗೇ ನೋವು ಇಳಿಯುತ್ತದೆ, ಮಾರ್ಫಿನ್ ಹೆಸರಿಗೆ ಮಾತ್ರ ಅಂತ ಚಹಾದಂಗಡಿಯಲ್ಲಿ ಹೇಳಿಕೊಂಡೂ ಬಂದೆ.

ಕುರುಗೋಡಿನ ಖಾಜಾಸಾಬರ ಮನೆಗೆ ಹೋದದ್ದು ಆ ಖುಷಿಯಲ್ಲೇ. ಖಾಜಾಸಾಬ್ ಟಿಪ್ಪರ್ ಓಡಿಸುತ್ತಿದ್ದವರು. ಗಣಿಯಿಂದ ಬಂದರಿಗೆ ಅದಿರು ಸಾಗಿಸಿ ಸಾಗಿಸಿ ಮೈಬಣ್ಣವೂ ಅದಿರಿನದೇ ಆಗಿತ್ತು. ಕ್ಯಾನ್ಸರ್ ಸೊಂಟದ ಎಲುಬಿಗೆ ಇಳಿದಿತ್ತು. ಕೂರಲು ಆಗುತ್ತಿರಲಿಲ್ಲ. ಆದರೂ ಅವರ ಫೋನಿನಿಂದ ವಾರಗಟ್ಟಲೆ ಒಂದನ್ನು ಬಿಟ್ಟು ಬೇರೆ ಉತ್ತರ ಬಂದಿರಲಿಲ್ಲ. "ನೋವಿಲ್ಲದಿದ್ದರೆ ಇಷ್ಟು ಗುಳಿಗೆ ಯಾಕೆ? ಒಮ್ಮೆ ನೋಡಿ, ಇಳಿಸೋಣ," ಅಂದಿದ್ದರು ಡಾಕ್ಟ್ರಮ್ಮ.

ತಗಡಿನ ಮನೆ. ಖಾಜಾಸಾಬ್ ಹೊಟ್ಟೆಯ ಮೇಲೆ ಮಲಗಿದ್ದರು. ಬಾಯಲ್ಲಿ ಟವೆಲ್ ಇತ್ತು. ನಮ್ಮನ್ನು ಕಂಡ ಕೂಡಲೇ ಟವೆಲ್ ತೆಗೆದು ನಕ್ಕರು.

"ಬರ್ರಿ ಡಾಕ್ಟ್ರಮ್ಮಾರ. ಆರಾಮ್ ಅದೀರಿ?"

"ಆರಾಮು. ನೀವು?"

"ಆರಾಮ್ ಅದೀನ್ರಿ."

ಚಹಾ ತಂದ ಅವರ ಹೆಂಡತಿ ಫಾತಿಮಾಬಿ ಕಪ್ಪು-ಬಸಿಗಳನ್ನು ನೆಲಕ್ಕೆ ಕುಕ್ಕಿದರು. "ಏನ್ ಆರಾಮ್ ರೀ? ನಿಮ್ಮ ಆರಾಮಿಗೆ ಬೆಂಕಿ ಹಚ್ಚ! ನಿನ್ನಿಯಿಂದ ಟವಲ್ ಕಚಗೊಂಡು ಅದಾರ ಡಾಕ್ಟ್ರಮ್ಮಾರ. ನಾ ಮುಟ್ಟಿದ್ರ ಸಾಕು, ಚೀರ್ತಾರ."

"ಸುಮ್ನಿರಬೇ. ಮಂದಿ ಮುಂದ..."

"ಮತ್ತ ಫೋನಿನ್ಯಾಗ ಒಂದು ಯಾಕ ಒತ್ತಿದ್ರಿ?" ನಾಗರತ್ನಕ್ಕ ಕೇಳಿದರು.

ಖಾಜಾಸಾಬ್ ಅವರನ್ನು ನೋಡಿದ ರೀತಿ ನೆನಪಿದೆ. ಓದಿದವರು ಹೀಗೂ ಕೇಳುತ್ತಾರಾ ಅನ್ನುವ ನೋಟ. "ಅಲ್ರೀ ಅಕ್ಕಾರ, ಅವರು ಅಷ್ಟು ಮರ್ಯಾದಿಲೇ ಆರಾಮ್ ಅದೀರೇನ್ರಿ ಅಂತಾರ. ಇಲ್ರಿ ಅನ್ನಾಕ ಬಾಯಿ ಬರತೈತೇನು? ಹಂಗ ಕೇಳಿದವರಿಗೆ ಆರಾಮ್ ಅನ್ನಬೇಕು."

ಡಾಕ್ಟ್ರಮ್ಮ ಪೆನ್ನು ಮುಚ್ಚಿದರು. ನನಗೆ ನಮ್ಮ ಸೋದರಮಾವ ನೆನಪಾದ. ಅವನು ಹೆರ್ನಿಯಾ ಆಪರೇಷನ್ ಆಗಿ ಸ್ಟ್ರೆಚರ್ ಮೇಲೆ ಬರುವಾಗಲೂ ಎದುರು ಸಿಕ್ಕವರಿಗೆ ಆರಾಮ್ ಅಂದವನು. ನಮ್ಮ ಕಡೆ ಅದು ಪ್ರಶ್ನೆಯೇ ಅಲ್ಲ, ಬಾಗಿಲು ಬಡಿಯುವ ಸದ್ದು. ಬಡಿದಾಗ ಒಳಗಿನಿಂದ 'ಬರ್ರಿ' ಅನ್ನಬೇಕು, ಅಷ್ಟೇ. ಮೂರು ಊರುಗಳ ಅಷ್ಟೂ ರೋಗಿಗಳು ದಿನವೂ ನನ್ನ ಸಲುವಾಗಿ ಮರ್ಯಾದೆಯಿಂದ ಒಂದು ಒತ್ತಿ, ಆಮೇಲೆ ಮಗ್ಗುಲು ಬದಲಿಸಿ ಹಲ್ಲು ಕಚ್ಚುತ್ತಿದ್ದರು. ನನ್ನ ಧ್ವನಿ ಎಷ್ಟು ಚೆನ್ನಾಗಿತ್ತೋ ಅಷ್ಟೂ ಕೆಡಿಸಿತ್ತು.

"ಸರಿ, ಖಾಜಾಸಾಬ್, ನಿಜವಾಗಿ ಎಷ್ಟು ನೋವಿದೆ?" ಅಂದರು ಡಾಕ್ಟ್ರಮ್ಮ.

"ಅದೇನ್ ಬಿಡ್ರಿ. ಇರತೈತಿ."

ಅವರಿಂದ ಅದಕ್ಕಿಂತ ಹೆಚ್ಚು ಹೊರಡಲಿಲ್ಲ. ತಮ್ಮ ನೋವನ್ನು ತಾವೇ ಹೇಳಿಕೊಳ್ಳುವುದು ಗಂಡಸಿನ ಲಕ್ಷಣವಲ್ಲ ಅಂತಲೋ, ಗುಳಿಗೆ ಜಾಸ್ತಿ ಮಾಡಿದರೆ ಅಫೀಮಿನ ಚಟ ಹತ್ತುತ್ತದೆ ಅಂತಲೋ. ಅಂಥ ಕಡೆ ಸುಮ್ಮನೆ ಕೂರುವುದು ನನಗೆ ಆಗಿಬರುವುದಿಲ್ಲ. ಬಾಯಿ ತಾನಾಗಿ ತೆರೆದುಕೊಂಡು ಟಿಪ್ಪರ್ ಸ್ಟಾರ್ಟ್ ಮಾಡಿತು.

ಖಾಜಾಸಾಬ್ ತಲೆ ಎತ್ತಿದರು. "ಲೇ ಎರ್ರಿ, ಅದು ಖಾಲಿ ಗಾಡಿ."

"ಹೌದೇನ್ರಿ?"

"ಲೋಡ್ ಗಾಡಿ ಹಂಗ ಕುಣ್ಯಂಗಿಲ್ಲ. ಎದಿಯಾಗಿಂದ ಬರತೈತಿ ಅದರ ಸಪ್ಪಳ."

ನಾನು ಎದೆಯಿಂದ ತೆಗೆದೆ.

"ಹಾಂ. ಈಗ ಏರು ಹತ್ತಸು. ಫಸ್ಟ್ ಗೇರ್ ಹಾಕು. ಓವರ್‌ಲೋಡ್ ಐತಿ ಅಂತ ತಿಳಿ."

ಹತ್ತಿಸಿದೆ. ಗಂಟಲು ಹರಿಯುವಂತೆ ನರಳಿ, ತಿಣುಕಿ, ನಿಂತೇಬಿಡುವಂತೆ ಹತ್ತಿಸಿದೆ. ಖಾಜಾಸಾಬ್ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸೊಂಟದ ಕಡೆ ಕೈ ತೋರಿಸಿ, "ಇದು. ಇದ ನೋಡ್ರಿ ಡಾಕ್ಟ್ರಮ್ಮಾರ. ಇಲ್ಲಿ ಹಗಲೆಲ್ಲ ಈ ಗಾಡಿ ಹತ್ತಾಕತ್ತೈತಿ," ಅಂದರು.

ಡಾಕ್ಟ್ರಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಂಡರು. "ಗುಳಿಗೆ ತಗೊಂಡ ಮೇಲೆ ಯಾವ ಗಾಡಿ?"

"ಸ್ವಲ್ಪ ಹೊತ್ತು ಸಪಾಟ್ ರೋಡಿಗೆ ಬರತೈತ್ರಿ. ಲೋಡ್ ಇರತೈತಿ, ಆದ್ರ ಓಡತೈತಿ."

"ಮುಂದಿನ ಗುಳಿಗೆಯ ತನಕ ಹಾಗೇ ಇರುತ್ತಾ?"

"ಎಲ್ಲೀದು ರೀ. ಅದಕ್ಕ ಭಾಳ ಮದ್ಲ ಏರು ಬಂದಬಿಡತೈತಿ."

ಐದು ನಿಮಿಷ ಹಿಂದೆ ತುಟಿ ಬಿಚ್ಚದಿದ್ದ ಮನುಷ್ಯ! ತನ್ನ ಬಗ್ಗೆ ಕೇಳಿದರೆ ಮುಚ್ಚಿಕೊಳ್ಳುತ್ತಿದ್ದವರು ಗಾಡಿಯ ಬಗ್ಗೆ ಕೇಳಿದರೆ ದೂರುಗಳ ಲೋಡನ್ನೇ ಇಳಿಸಿದರು. ಡಾಕ್ಟ್ರಮ್ಮ ಅಲ್ಲಿಯೇ ತೀರ್ಮಾನಿಸಿದರು. "ಎರ್ರಿಸ್ವಾಮಿ, ಮಾತು ತೆಗೆದುಬಿಡಿ. ಸದ್ದು ಹಾಕೋಣ. ಖಾಲಿ ಗಾಡಿ ಒಂದು, ಸಪಾಟಿನ ಲೋಡ್ ಗಾಡಿ ಎರಡು, ಏರಿನ ಗಾಡಿ ಮೂರು, ಏರಿನಲ್ಲಿ ನಿಂತುಹೋದ ಗಾಡಿ ನಾಲ್ಕು." ಇಷ್ಟಕ್ಕೇ ನಿಲ್ಲಿಸದೆ, ನನಗೆ ತೋರಿಸಿಕೊಡಲು ತಾವೇ ತುಟಿ ಅದುರಿಸಿ ಲಾರಿ ಓಡಿಸಿದರು.

"ಡಾಕ್ಟ್ರಮ್ಮಾರ," ಅಂದರು ಖಾಜಾಸಾಬ್, "ಅದು ಸ್ಕೂಟಿ ಆತ್ರಿ."

ಫಾತಿಮಾಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಗುಳಿಗೆ ಹೆಚ್ಚಿಸಿ, ಹೊಟ್ಟೆ ಕಟ್ಟದಂತೆ ಬೇರೆ ಔಷಧ ಕೊಟ್ಟು, ಅಫೀಮಿನ ಚಟಕ್ಕೂ ನೋವಿನ ಔಷಧಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಿದ ಮೇಲೆ ಡಾಕ್ಟ್ರಮ್ಮ ಕೇಳಿದರು: "ನೋವು ಇಳಿದರೆ ಏನು ಮಾಡಬೇಕು ಅಂತಿದೆ ನಿಮಗೆ?"

"ಕುಂತಗೊಂಡು ಸಿರುಗುಪ್ಪಕ್ಕ ಹೋಗಬೇಕ್ರಿ."

ಅಲ್ಲಿ ಅವರ ಅಕ್ಕ ಮಾಬುಬಿಯ ಮನೆ. ತಾಯಿ ತೀರಿಕೊಂಡದ್ದು ಆ ಮನೆಯಲ್ಲಿ. ಖಾಜಾಸಾಬ್ ಆಗ ಬಂದರಿನ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಅವರು ಬಂದು ಮುಟ್ಟುವಷ್ಟರಲ್ಲಿ ಅಕ್ಕ ಮಣ್ಣು ಮಾಡಿಸಿಯಾಗಿತ್ತು. ತಾಯಿಯ ಮುಖ ನೋಡಲಿಲ್ಲ. ಬಾಗಿಲಿನಿಂದಲೇ ತಿರುಗಿ ಬಂದವರು ಮತ್ತೆ ಸಿರುಗುಪ್ಪದ ಕಡೆ ಲಾರಿಯನ್ನೂ ತಿರುಗಿಸಿರಲಿಲ್ಲ.

"ಮಲಗಿಸಿಕೊಂಡು ಕರಕೊಂಡು ಹೋಗ್ತೀನಿ ಅಂದ್ರ ಒಲ್ಲೆ ಅಂತಾರ್ರಿ," ಅಂದರು ಫಾತಿಮಾಬಿ.

"ಮಲಗಿಸಿಕೊಂಡು ಒಯ್ಯೋದು ಒಂದ ಸಲ. ಅದಕ್ಕ ಇನ್ನ ಟೈಮ್ ಐತಿ," ಅಂದರು ಖಾಜಾಸಾಬ್. "ಮಲಗಿದವನ್ನ ಕಂಡ್ರ ಅಕ್ಕ ಬರೇ ಅಳ್ತಾಳ. ಅಳೋ ಆಕಿನ್ನ ಏನ್ ಕೇಳಲಿ? ನಾ ಆಕಿ ಮುಂದ ಕುಂತು ಕೇಳಬೇಕು."

ಆ ವಾರ ನಾನು ಮಾಡಿದಷ್ಟು ರೆಕಾರ್ಡಿಂಗ್ ಮತ್ತೆಂದೂ ಮಾಡಲಿಲ್ಲ. ಎಲ್ಲರಿಗೂ ಲಾರಿ ಆಗುವುದಿಲ್ಲ ಅನ್ನುವುದು ಬೇಗ ತಿಳಿಯಿತು. ಈರಮ್ಮಜ್ಜಿ ಲಾರಿ ಸದ್ದಿಗೆ ಫೋನನ್ನು ಹಿತ್ತಲಿಗೆ ಎಸೆದಿದ್ದರು. ಅವರಿಗೆ ಬೀಸುವ ಕಲ್ಲು ಬೇಕಾಯಿತು: ಬರಿಗಲ್ಲು, ಕಾಳು ಹಾಕಿದ ಕಲ್ಲು, ಹೊರಳಲಾರದ ಕಲ್ಲು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿದವರಿಗೆ ಗಿರಣಿಯ ಬೆಲ್ಟಿನ ಸದ್ದು. ಒಬ್ಬ ಹೆಣ್ಣುಮಗಳಿಗೆ ಮಾತ್ರ ಯಾವ ಯಂತ್ರವೂ ಒಗ್ಗಲಿಲ್ಲ. "ನಮ್ಮ ಅತ್ತಿ ಬೈದಂಗ ಬೈ, ಆವಾಗ ಹೇಳ್ತೀನಿ," ಅಂದಳು. ಅತ್ತೆಯ ಧ್ವನಿ ತೆಗೆದು ನಾಲ್ಕು ದರ್ಜೆಯಲ್ಲಿ ಬೈದೆ. ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದರು. ಆ ಮನೆಯಲ್ಲಿ ನನಗೆ ಮತ್ತೆ ಚಹಾ ಸಿಗಲಿಲ್ಲ.

ಇದಾಗಿ ತಿಂಗಳ ಮೀಟಿಂಗ್ ಬಂತು. ನೆಲ ಹಿಡಿದು ಮಲಗಿದ್ದ ಗೆರೆ ಈಗ ಸಂಡೂರಿನ ಗುಡ್ಡದಂತೆ ಎದ್ದು ನಿಂತಿತ್ತು. ಕಾರ್ಯದರ್ಶಿಗಳು ಅದನ್ನು ನೋಡಿ ಉದ್ದವಾಗಿ ಕೆಮ್ಮಿದರು. ಆ ಕೆಮ್ಮನ್ನೇ ನಾನು ಇಂದಿಗೂ ಬಳಸುತ್ತಿರುವುದು.

"ನೋವು ಕಡಿಮಿ ಮಾಡ್ರಿ ಅಂತ ಫೋನ್ ಕೊಟ್ಟರೆ, ಜಾಸ್ತಿ ಮಾಡಿಕೊಂಡು ಬಂದೀರಲ್ಲ?"

"ನೋವು ಮೊದಲೂ ಇಷ್ಟೇ ಇತ್ತು ಸರ್," ಅಂದರು ಡಾಕ್ಟ್ರಮ್ಮ. "ಈಗ ನಮಗೆ ಹೇಳ್ತಾ ಇದ್ದಾರೆ."

"ದಾನಿಗಳು ಬರೋರಿದ್ದಾರೆ. ರೋಗಿ ಕಿವಿಗೆ ಲಾರಿ ಸಪ್ಪಳ ಅಂದ್ರ ಅವರು ಏನಂದಾರು? ವೀಣೆ ಗೀಣೆ ಹಾಕ್ರಿ. ಹಳೇ ಆರಾಮ್ ಅದೀರೇನ್ರಿ ಎಷ್ಟು ಛಲೋ ಇತ್ತು!"

"ಸರ್, ಕುರುಗೋಡಿನಲ್ಲಿ ಒಬ್ಬರು ಕೂತುಕೊಂಡು ಸಿರುಗುಪ್ಪಕ್ಕೆ ಹೋಗಬೇಕು ಅಂತಿದ್ದಾರೆ. ಈ ಸದ್ದು ಕೇಳಿಕೊಂಡು ನಾನು ಅವರ ಗುಳಿಗೆ ಸರಿಮಾಡ್ತಾ ಇದ್ದೀನಿ. ಅವರು ಕೂತು ಹೋಗದಿದ್ದರೆ ನೀವು ಹೇಳಿದ ವೀಣೆಯನ್ನೇ ಹಾಕಿಸ್ತೀನಿ."

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. "ನಿನಗ ವೀಣೆ ಬರತೈತೇನು?"

"ಬಾಯಿಲೆ ಬರತೈತ್ರಿ ಸರ್."

ಖಾಜಾಸಾಬರ ಫೋನಿನಿಂದ ಬರುತ್ತಿದ್ದ ನಾಲ್ಕುಗಳು ಮೂರಾದವು. ಮೂರುಗಳ ನಡುವೆ ಎರಡು ಇಣುಕಿತು. ಡಾಕ್ಟ್ರಮ್ಮ ಪ್ರತಿ ಮೆಸೇಜು ನೋಡಿ ಫಾತಿಮಾಬಿಗೆ ಫೋನ್ ಮಾಡುತ್ತಿದ್ದರು, ಗುಳಿಗೆಯ ಅಳತೆಯನ್ನು ತೂಗಿ ತೂಗಿ ಬದಲಿಸುತ್ತಿದ್ದರು. ಒಂದು ದಿನ ಖಾಜಾಸಾಬ್ ಗೋಡೆಗೆ ಒರಗಿ ಕೂತು ಚಹಾ ಕುಡಿದರಂತೆ. ಇನ್ನೊಂದು ದಿನ ಹೊರಗಿನ ಕಟ್ಟೆಯ ಮೇಲೆ ಕೂತು, ಹೋಗಿಬರುವ ಲಾರಿಗಳ ಡ್ರೈವರುಗಳನ್ನೆಲ್ಲ ಬೈದರಂತೆ. "ಇನ್ನ ತಡಾ ಮಾಡಬ್ಯಾಡ್ರಿ," ಅಂದರು ಫಾತಿಮಾಬಿ. "ಇವರು ಕಟ್ಟಿ ಮ್ಯಾಲೆ ಕುಂತ್ರ ಓಣಿಗೆ ನಿದ್ದಿ ಇಲ್ಲ."

ಹೊರಟ ದಿನ ಖಾಜಾಸಾಬ್ ಬಿಳಿ ಅಂಗಿ ಹಾಕಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು, ಕೆಳಗೆ ಎರಡು ದಿಂಬು. ಹಿಂದೆ ನಾವು ಮೂವರು: ಫಾತಿಮಾಬಿ, ನಾಗರತ್ನಕ್ಕ, ನಾನು. ಡಾಕ್ಟ್ರಮ್ಮ ಆಫೀಸಿನಲ್ಲೇ ಉಳಿದಿದ್ದರು. ದಾರಿಯಲ್ಲಿ ನೋವು ಎದ್ದರೆ ಎಷ್ಟು ಗುಳಿಗೆ ಕೊಡಬೇಕು ಅಂತ ನಾಗರತ್ನಕ್ಕನಿಗೆ ಹೇಳಿಕಳಿಸಿದ್ದರು. ನಮ್ಮ ಡ್ರೈವರ್ ಗೇರ್ ಹಾಕಿದ ಕೂಡಲೇ ಖಾಜಾಸಾಬ್ ಪಾಠ ಶುರು ಮಾಡಿದರು.

"ತಮ್ಮಾ, ಗುಂಡಿ ಕಂಡಮ್ಯಾಗ ಬ್ರೇಕ್ ಹಾಕೋದಲ್ಲ. ಕಾಣೋಕಿಂತ ಮದ್ಲ ಹಾಕಬೇಕು."

"ಕಾಣೋ ಮುಂಚೆ ಹೆಂಗ್ರಿ ಕಾಕಾ?"

"ಅದಕ್ಕ ನೀ ವ್ಯಾನ್ ಹೊಡೀತಿ, ನಾ ಟಿಪ್ಪರ್ ಹೊಡೀತಿದ್ದೆ."

ಅರ್ಧ ದಾರಿಯ ತನಕ ಚೆನ್ನಾಗಿಯೇ ಇತ್ತು. ಆಮೇಲೆ ಪಾಠ ನಿಂತಿತು. ಬೈಗುಳವೂ ನಿಂತಿತು. ಹಿಂದಿನಿಂದ ನನಗೆ ಕಂಡದ್ದು ಡ್ಯಾಶ್‌ಬೋರ್ಡನ್ನು ಹಿಡಿದ ಅವರ ಕೈ ಮಾತ್ರ. ಬೆರಳುಗಳ ಗೆಣ್ಣು ಬೆಳ್ಳಗಾಗಿತ್ತು. ನಾನು 'ಏನಾತ್ರಿ' ಅಂತ ಕೇಳಲಿಲ್ಲ. ಕೇಳಿದ್ದರೆ ಏನಿಲ್ಲ ಅನ್ನುತ್ತಿದ್ದರು. ಮೆಲ್ಲಗೆ ಬಾಯಲ್ಲಿ ಲೋಡ್ ಗಾಡಿ ಬಿಟ್ಟೆ, ಸಪಾಟಿನದು.

ಅವರು ತಲೆ ಅಲ್ಲಾಡಿಸಿದರು. "ಏರು."

ಕಾಲುವೆಯ ದಂಡೆಗೆ ವ್ಯಾನ್ ನಿಲ್ಲಿಸಿದೆವು. ನಾಗರತ್ನಕ್ಕ ಗುಳಿಗೆ ಕೊಟ್ಟರು. ಎರಡೂ ಕಡೆ ಭತ್ತದ ಗದ್ದೆ, ಗಾಳಿಗೆ ಅಲೆಅಲೆಯಾಗಿ ಮಲಗಿ ಏಳುತ್ತಿತ್ತು. ಫಾತಿಮಾಬಿ ಗಂಡನ ಬೆನ್ನಿಗೆ ತಮ್ಮ ಕೈಯನ್ನೇ ಆನಿಸಿ ನಿಂತರು.

"ವಾಪಸ್ ಹೋಗೂಣೇನ್ರಿ?" ಅಂದರು.

ಖಾಜಾಸಾಬ್ ಸಿರುಗುಪ್ಪದ ದಾರಿಯ ಕಡೆಗೇ ನೋಡಿದರು. ಹಿಂದಿನ ಸೀಟಿನಲ್ಲಿ ಮಲಗಿಸಿದರೆ ಅರ್ಧ ಗಂಟೆಯಲ್ಲಿ ಸಿರುಗುಪ್ಪ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ನಾವು ಕಾದೆವು. ನಾನು ಕಾರ್ಯದರ್ಶಿಗಳ ಧ್ವನಿಯಲ್ಲಿ ವೀಣೆಯ ಮಹತ್ವ ಹೇಳಿದೆ, ಬಾಯಲ್ಲಿ ವೀಣೆ ನುಡಿಸಿದೆ. ಸೊಳ್ಳೆ ಅಂತ ಡ್ರೈವರ್ ಕೈ ಬೀಸಿದ. ಎಷ್ಟೋ ಹೊತ್ತಿನ ಮೇಲೆ ಖಾಜಾಸಾಬರ ಬೆರಳುಗಳಿಗೆ ಬಣ್ಣ ಮರಳಿತು.

"ಲೇ ಎರ್ರಿ, ಆ ಸೊಳ್ಳಿ ಬಂದ್ ಮಾಡು," ಅಂದರು. "ತಮ್ಮಾ, ಗಾಡಿ ತಗಿ."

ಮಾಬುಬಿ ಬಾಗಿಲಲ್ಲೇ ನಿಂತಿದ್ದರು. ತಮ್ಮನಿಗಿಂತ ಗಿಡ್ಡ, ಧ್ವನಿ ಮಾತ್ರ ಎರಡು ಓಣಿಗೆ ಆಗುವಷ್ಟು. ವ್ಯಾನಿನಿಂದ ಇಳಿದ ತಮ್ಮನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಕಣ್ಣು ತುಂಬಿಬಂತು. ಖಾಜಾಸಾಬ್ ಕೈ ಎತ್ತಿ ತಡೆದರು. "ಅಳಬ್ಯಾಡ. ಕುರ್ಚಿ ತಗೊಂಬಾ."

ಕುರ್ಚಿ ಬಂತು. ಗೋಡೆಗೆ ಹೊಂದಿಸಿ, ದಿಂಬು ಇಟ್ಟು ಕೂರಿಸಿದೆವು. ಖಾಜಾಸಾಬ್ ಅಂಗಿ ಸರಿಮಾಡಿಕೊಂಡು ನಮ್ಮ ಕಡೆ ನೋಡಿದರು. "ನೀವೆಲ್ಲ ಹೊರಗ ಕುಂದರ್ರಿ. ಜಗಳ ಐತಿ."

ಹೊರಗೆ ಕಟ್ಟೆಯ ಮೇಲೆ ಕೂತೆವು. ಕೇಳಿಸಿಕೊಳ್ಳಲು ಕಿವಿ ಕೊಡಬೇಕಾದ ಅಗತ್ಯವೇ ಇರಲಿಲ್ಲ.

"ಒಂದು ದಿನ ಕಾಯಾಕ ಆಗಲಿಲ್ಲೇನ ಅಕ್ಕಾ ನಿನಗ? ನನ್ನ ಅವ್ವ ಅಲ್ಲೇನ ಆಕಿ?"

"ಎಲ್ಲಿ ಅಂತ ಕಾಯಲೋ? ಫೋನ್ ಹಚ್ಚಿದ್ರ, ಸಾಲಿನ್ಯಾಗ ಅದೀನಿ, ಸಾಲಿನ್ಯಾಗ ಅದೀನಿ. ಬ್ಯಾಸಗಿ ದಿನ. ಮಂದಿ ಬಂದು ಕುಂತಾರ. ಅವ್ವನ್ನ ಹಂಗ ಇಟಗೊಂಡು ಏನ್ ಮಾಡಲಿ?"

"ಮಂದಿ ಇರಲಿ ಮಾರಾಯ್ತಿ, ನಾ ಮಗ!"

"ಮಗ ಆಗಿದ್ರ ಲಾರಿ ಬಿಟ್ಟು ಬರಬೇಕಿತ್ತು! ಕಡೀ ಮಾತು ನಿನ್ನ ಹೆಸರ ಆಕಿದು. ಖಾಜಾ ಉಂಡಾನೇನು ಅಂತ ಕೇಳಿದ್ಲು. ಉಂಡಾನ ಅಂದೆ. ನೀ ಉಂಡಿದ್ದೋ ಇಲ್ಲೋ ನನಗೇನು ಗೊತ್ತು?"

ಫಾತಿಮಾಬಿ ಎದ್ದು ನಿಂತರು. ಆ ಹೊತ್ತಿಗೇ ಒಳಗಿದ್ದ ಫೋನಿನ ಗಂಟೆ ಹೊಡೆಯಿತು, ನನ್ನ ಟಿಪ್ಪರ್ ಆ ಮನೆಯೊಳಗೆ ಏರು ಹತ್ತತೊಡಗಿತು. ನಾನು ಕಿವಿ ಮುಚ್ಚಿಕೊಂಡೆ. ಲಾರಿ ಬಿಟ್ಟು ಬರಬೇಕಿತ್ತು ಅಂತ ಅಕ್ಕ ಅಂದ ಮನೆಯಲ್ಲಿ ಲಾರಿಯನ್ನೇ ತಂದು ನುಗ್ಗಿಸಿದ ಮಹಾನುಭಾವ ನಾನೊಬ್ಬನೇ ಇರಬೇಕು.

"ಇದೇನೋ ಇದು?"

"ತಡಿ. ಡಾಕ್ಟ್ರು ಕೇಳಾಕತ್ತಾರ."

ನಾಗರತ್ನಕ್ಕನ ಫೋನು ಮಿಣುಕಿತು. ಎರಡು. ಲೋಡ್ ಇದೆ, ಓಡುತ್ತಿದೆ. ಅವರು ಅದನ್ನು ನನಗೆ ತೋರಿಸಿ, "ಒಂದು ಒತ್ತಿದ್ರ ನಾ ನಂಬ್ತಿರಲಿಲ್ಲ," ಅಂದರು.

ಆಮೇಲೆ ಒಳಗಿನ ಮಾತುಗಳು ನಮಗೆ ಕೇಳಿಸಲಿಲ್ಲ. ಅಷ್ಟು ದೊಡ್ಡ ಧ್ವನಿಯ ಹೆಂಗಸು ಅಷ್ಟು ಸಣ್ಣಗೆ ಮಾತಾಡಬಲ್ಲಳು ಅಂತ ನಾನು ಎಣಿಸಿರಲಿಲ್ಲ. ಆ ಧ್ವನಿಯನ್ನು ನಾನು ಇದುವರೆಗೆ ಅನುಕರಿಸಿಲ್ಲ. ಬರುವುದಿಲ್ಲ ಅಂತಲ್ಲ.

ಬಾಗಿಲು ತೆರೆದು ಮಾಬುಬಿ ಹೊರಗೆ ಬಂದರು, ಚಪ್ಪಲಿ ಮೆಟ್ಟಿಕೊಂಡರು. "ಅವ್ವನ ಹತ್ರ ಹೋಗ್ತಾನಂತ. ಖಬರಸ್ತಾನ್ ಊರ ಹೊರಗ ಐತಿ. ಹೆಣ್ಣುಮಕ್ಕಳು ಒಳಗ ಹೋಗಂಗಿಲ್ಲ, ನಾ ಗೇಟಿನ ತನಕ ಬರ್ತೀನಿ, ಒಳಗ ಅವನ ಹೋಗಲಿ."

ನಾಗರತ್ನಕ್ಕ ಒಳಗೆ ಹೋದರು. ನಾನೂ ಹಿಂದೆ ಹೋದೆ. ಖಾಜಾಸಾಬ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು, ಮುಖ ತೊಳೆದವರಂತೆ ಒದ್ದೆಯಾಗಿತ್ತು. ಇಷ್ಟು ದಿನದಲ್ಲಿ ಒಮ್ಮೆಯೂ ತಾವಾಗಿ ಒಂದು ಗುಳಿಗೆ ಕೇಳದಿದ್ದವರು ಕೈ ಮುಂದೆ ಚಾಚಿದರು.

"ಅಕ್ಕಾರ, ಅಲ್ಲಿ ಗೋರಿ ಮುಂದ ನೆಲದ ಮ್ಯಾಲೆ ಕುಂದರಬೇಕು. ಒಂದು ಗುಳಿಗಿ ಈಗ ಕೊಡ್ರಿ. ಏರು ಬರೂಕ್ಕಿಂತ ಮದ್ಲ."